ಸಬ್ಜೆಕ್ಟಿಗೆ ಬೀಗವಿಲ್ಲ

"ಈ ಸಲ ನನ್ನ ಹಾಡಿಂದ ಒಂದಕ್ಷರ ಕದಿಯೋಕೆ ದೇವರಪ್ಪ ಬಂದ್ರೂ ಆಗಲ್ಲ," ಎಂದು ಅನಿಬಾಲ್ ಘೋಷಿಸಿದ.

"ದೇವರಿಗೆ ಬೇರೆ ಕೆಲಸ ಇಲ್ವಾ?" ಎಂದಳು ಹೆಂಡತಿ ಎಲಿಡಾ, ಕುಂಬಳಕಾಯಿ ಹೆಚ್ಚುತ್ತಲೇ.

ಮೊಂತೆವಿದೆಯೊ ನಗರದ ಕಾರ್ನಿವಲ್ ಹಬ್ಬದಲ್ಲಿ ಪೈಪೋಟಿಗಿಳಿಯುವ ತಂಡಗಳಿಗೆ ನಗೆಹಾಡೇ ಪ್ರಾಣ. ವೇದಿಕೆ ಹತ್ತುವ ತನಕ ಅದು ಹೊರಬೀಳಕೂಡದು. ಹೋದ ವರ್ಷ ಅನಿಬಾಲನ ಹಾಡಿನ ಜೋಕನ್ನು ಎದುರಾಳಿ ತಂಡ ಮೂರು ದಿನ ಮೊದಲೇ ಹಾಡಿ ಚಪ್ಪಾಳೆ ಗಿಟ್ಟಿಸಿತ್ತು. "ಇನ್ನೊಂದ್ಸಲ ಹೀಗಾದ್ರೆ ಬೇರೆ ಕವಿನ ನೋಡ್ಕೋತೀನಿ," ಎಂದು ಕ್ಯಾಂಟೀನ್ ನಡೆಸುವ, ತಂಡದ ನಿರ್ದೇಶಕನೂ ಆದ ಹೆಬೆರ್ ಹೇಳಿಬಿಟ್ಟಿದ್ದ. ಇಪ್ಪತ್ತೆರಡು ವರ್ಷದ ಕವಿಪಟ್ಟ ಅಲುಗಾಡುತ್ತಿತ್ತು.

ಅನಿಬಾಲ್ ಒಂದು ವಾರ ಕಂಪ್ಯೂಟರಿನ ಮುಂದೆ ತಪಸ್ಸು ಮಾಡಿದ. ಸಾಮಾನ್ಯ ಇಮೇಲಿಗೆ ಕಾವಲು ದಾರಿಯಲ್ಲಿ ಮಾತ್ರ, ತಲುಪಿದ ಮೇಲೆ ಇಲ್ಲ. ಪಾಸ್‌ವರ್ಡ್ ಇಟ್ಟು ಕಳಿಸಬಹುದು, ಆದರೆ ಹೆಬೆರ್ ಅದನ್ನು ಗೋಡೆಗೆ ಅಂಟಿಸುವ ಪೈಕಿ. ಕೊನೆಗೆ ಎರಡು ಕೀಲಿಯ ಏರ್ಪಾಡನ್ನು ಆರಿಸಿದ: ಬೀಗ ಹಾಕುವ ಕೀಲಿ ಊರಿಗೆಲ್ಲ, ತೆಗೆಯುವ ಕೀಲಿ ಹೆಬೆರನೊಬ್ಬನಿಗೆ. ತಾನೇ ಹೋಗಿ ಹೆಬೆರನ ಕಂಪ್ಯೂಟರಿನಲ್ಲಿ ಎಲ್ಲ ಜೋಡಿಸಿ ಬಂದ.

ಶುಕ್ರವಾರ ಹಾಡು ಕಳಿಸಿದ. ಶನಿವಾರ ಎಲಿಡಾ ಸಂತೆಯಿಂದ ಬಂದು ಚೀಲ ಇಳಿಸಿದಳು.

"ಬಸ್ಸಿಗೆ ಕಾದು ಕಾದು ಮದುಮಗನ ತಲೆ ನರೆಯಿತು ಅನ್ನೋದು ನಿಂದೇನಾ?"

"ನಿಂಗ್ಯಾರು ಹೇಳಿದ್ದು?"

"ಮೀನು ಮಾರೋನು ಗುನುಗ್ತಿದ್ದ. ರಾಗ ಮಾತ್ರ ಸರಿ ಇರ್ಲಿಲ್ಲ."

ಅನಿಬಾಲ್ ಬಿದ್ದಂಬೀಳ ಹೆಬೆರನ ಕ್ಯಾಂಟೀನಿಗೆ ಓಡಿದ. ಗಲ್ಲಾಪೆಟ್ಟಿಗೆಯ ಪಕ್ಕ, ಎಲ್ಲರಿಗೂ ಕಾಣುವಂತೆ, ಕಂಪ್ಯೂಟರ್ ತೆರೆದೇ ಇತ್ತು. ಬೀಗ ಭದ್ರವಾಗಿತ್ತು, ಹಾಡನ್ನು ಹೆಬೆರನ ಹೊರತು ಯಾರೂ ತೆಗೆದಿರಲಿಲ್ಲ. ಆದರೆ ಅವರ ತಂಡದಲ್ಲಿ ಹಾಡಿಗೆ ಬೇರೆ ಹೆಸರಿಡುವ ವಾಡಿಕೆಯಿಲ್ಲ, ನಗೆ ಉಕ್ಕಿಸುವ ಸಾಲೇ ಅದರ ಹೆಸರು. ಅಭ್ಯಾಸಬಲದಿಂದ ಅನಿಬಾಲ್ ಅದನ್ನೇ ಇಮೇಲಿನ ನೆತ್ತಿಯ ಸಬ್ಜೆಕ್ಟ್ ಸಾಲಿನಲ್ಲಿ ಬರೆದಿದ್ದ. ಸಬ್ಜೆಕ್ಟಿಗೆ ಈ ಬೀಗ ಬೀಳುವುದಿಲ್ಲವೆಂದು ಹೇಳುವ ಕೈಪಿಡಿಯ ಪುಟವನ್ನು ಮಹಾಶಯ ಓದದೆ ಹಾರಿಸಿದ್ದ.

"ಕಾಫಿಗೆ ಬಂದೋರೆಲ್ಲ ಓದಿ ನಕ್ಕರು. ಎದುರು ತಂಡದ ಡ್ರಮ್ಮಿನೋನು ಎರಡು ಸಲ ಓದ್ದ," ಎಂದ ಹೆಬೆರ್. "ಸೋಮವಾರದೊಳಗೆ ಹೊಸ ಹಾಡು ಬರ್ಬೇಕು. ಇಲ್ಲಾಂದ್ರೆ ಕವಿನೂ ಹೊಸಬ."

ಅವಮಾನ ಒಳ್ಳೆಯ ಗುರು. ಹೊಸ ಹಾಡು ಹಳೆಯದಕ್ಕಿಂತ ಚೆನ್ನಾಗಿ ಬಂತು. ಬೀಗವೂ ಬಿತ್ತು. ಸಬ್ಜೆಕ್ಟಿನ ಹತ್ತಿರ ಬಂದಾಗ ಮಾತ್ರ ಅನಿಬಾಲ್ ಬರೆದದ್ದನ್ನು ಮೂರು ಸಲ ಅಳಿಸಿದ.

"ಸರಿ ಆ ಕಡೆ," ಎಂದಳು ಎಲಿಡಾ. "ಯಾರೂ ಕದಿಯೋಕೆ ಆಸೆಪಡದಂಥದ್ದು ನಾನ್ ಬರೀತೀನಿ." ಅವನು ಕನ್ನಡಕ ಹುಡುಕುವಷ್ಟರಲ್ಲಿ ಬರೆದು ಕಳಿಸಿಯೂ ಬಿಟ್ಟಳು.

ಮಂಗಳವಾರ ಕ್ಯಾಂಟೀನಿಗೆ ಹೋದ ಅನಿಬಾಲನಿಗೆ ಎಂದೂ ಇಲ್ಲದ ಮರ್ಯಾದೆ ಸಿಕ್ಕಿತು. ಇಬ್ಬರು ಎದ್ದು ದಾರಿ ಬಿಟ್ಟರು. ಒಬ್ಬ ಕುರ್ಚಿಯ ಮೇಲೆ ಮೆತ್ತನೆಯ ದಿಂಬು ಇಟ್ಟ.

"ಹಾಡು ಭರ್ಜರಿಯಾಗಿದೆ. ಒಬ್ಬರಿಗೂ ಸುಳಿವಿಲ್ಲ. ನೀನೇ ನಮ್ಮ ಕವಿ," ಎಂದು ಹೆಬೆರ್ ಕಿವಿಯಲ್ಲಿ ಉಸುರಿದ.

ಅನಿಬಾಲ್ ಎದೆಯುಬ್ಬಿಸಿ ಕಂಪ್ಯೂಟರಿನತ್ತ ನೋಡಿದ. ಅಲ್ಲಿ ಅವನದೇ ಹೆಸರಿನ ಪಕ್ಕದಲ್ಲಿ ದಪ್ಪಕ್ಷರದಲ್ಲಿತ್ತು: "ನನ್ನ ಮೂಲವ್ಯಾಧಿ – ಪೂರ್ತಿ ವಿವರ."

ಎದುರು ತಂಡದ ಡ್ರಮ್ಮಿನವನು ಕಾಫಿ ಬಿಟ್ಟು ಎದ್ದು ಬಂದು ಅವನ ಭುಜ ಸವರಿದ.

"ನಮ್ಮಪ್ಪಂಗೂ ಇದೇ ಆಗಿತ್ತಣ್ಣ. ಸ್ವಲ್ಪ ದಿನ ವೈನ್ ಬಿಟ್ಟುಬಿಡಿ."