ಅತ್ತೆಗೆ ರಶಿಯನ್ ಬರುತ್ತದೆ!

ಇಳಕಲ್ಲಿನ ನಮ್ಮ ಸೋದರತ್ತೆಗೆ ರಶಿಯನ್ ಭಾಷೆ ಬರುತ್ತದೆ. ನೀವು ನಂಬದಿದ್ದರೂ ನಡೆದೀತು. ಅವಳು ನಂಬಿದ್ದಾಳಲ್ಲ, ಸಾಕು!

ಮಾವ ತೀರಿಕೊಂಡ ಮೇಲೆ ಸೀರೆ ಅಂಗಡಿಯನ್ನು ಒಬ್ಬಳೇ ನಡೆಸಿದ ಗಟ್ಟಿಗಿತ್ತಿ ಅವಳು. ಅವಳಿಗೆ ಎದುರಾಡುವವರು ಇಳಕಲ್ಲಿನಿಂದ ಹುನಗುಂದದವರೆಗೆ ಇನ್ನೂ ಹುಟ್ಟಿಲ್ಲ. ಒಂದೇ ಒಂದು ವಿಚಿತ್ರ. ಮನೆಯ ಕಾರ್ಯಗಳಲ್ಲಿ ಸೆರಗೊಡ್ಡಿ ಕೂತ ಮುತ್ತೈದೆಯರಿಗೆ ಅಕ್ಕಿ, ಕೊಬ್ಬರಿ, ಖಣ ಹಾಕಿ ಉಡಿ ತುಂಬುವ ಹೊತ್ತಿಗೆ ಸರಿಯಾಗಿ ಅವಳಿಗೆ ಒಲೆಯ ಮೇಲಿನ ಹಾಲು ನೆನಪಾಗುತ್ತದೆ. ಅದೆಷ್ಟು ಹಾಲು ಉಕ್ಕುತ್ತದೋ ನಮ್ಮ ಮನೆಯಲ್ಲಿ!

ಇಂಥವಳನ್ನು ಕಾಶಿಗೆ ಕರೆದರೆ, "ಕಾಶಿಗೆ ಎಲ್ಲಾರೂ ಹೋಗತಾರ, ರಶಿಯಾಕ್ಕ ಹೋಗೂಣು ನಡಿ" ಎಂದಳು. ಹೋದೆವು. ಪ್ರವಾಸಿಗರ ಹಡಗು ನಮ್ಮ ಗುಂಪನ್ನು ವೋಲ್ಗಾ ದಂಡೆಯ ಪುಟ್ಟ ಊರೊಂದರಲ್ಲಿ ಇಳಿಸಿತು. ಕೆತ್ತನೆಯ ಕಿಟಕಿಗಳ ಮರದ ಮನೆಗಳು, ಗುಡ್ಡದ ಮೇಲೆ ನೀಲಿ ಗುಮ್ಮಟದ ಚರ್ಚು. ಎಲ್ಲರೂ ಬೆರಗಾಗಿ ನಿಂತಿದ್ದರೆ ಅತ್ತೆ ನದಿಯನ್ನು ನೋಡಿ ಮರುಗಿದಳು.

"ನಮ್ಮ ಮಲಪ್ರಭಾಕ್ಕಿಂತ ದೊಡ್ಡದೈತಿ, ಖರೆ. ಆದ್ರ ಒಬ್ಬಾಕೀನೂ ಅರಬಿ ಒಗ್ಯಾಕತ್ತಿಲ್ಲಲ್ಲೋ ತಮ್ಮಾ! ಇಷ್ಟು ನೀರು ದಂಡ!"

ದಂಡೆಯ ಹೋಟೆಲ್ಲಿನಲ್ಲಿ ನಾನು ಮೊಬೈಲು ಹಿಡಿದು ಅನುವಾದ ಹುಡುಕುತ್ತ ಕೂತೆ. ಅತ್ತೆ "ಚಾಯ್!" ಎಂದು ಕೂಗಿದಳು. ಚಹಾ ಬಂದೇ ಬಿಟ್ಟಿತು! ಅವರೂ ಚಹಾಕ್ಕೆ ಚಾಯ್ ಎನ್ನುತ್ತಾರೆಂದು ಕನಸು ಬಿದ್ದಿತ್ತೇ ನನಗೆ? ಅತ್ತೆ ಮಾತ್ರ ಕಪ್ಪಿನೊಳಗೆ ಇಣುಕಿ ಮುಖ ಕಿವುಚಿದಳು.

"ಹಾಲ ಇಲ್ಲ! ಭಾಷಾ ಬರತೈತಿ ಇವ್ರಿಗೆ, ಚಾ ಮಾಡಾಕ ಬರೂದಿಲ್ಲ."

ಹಡಗಿಗೆ ಮರಳುವ ದಾರಿಯಲ್ಲಿ ಮನೆಯ ಮುಂದೆ ಸೇಬು ಮಾರುತ್ತಿದ್ದ ಮುದುಕಿಯೊಬ್ಬಳು ಎದ್ದು ಬಂದು ಅತ್ತೆಯ ಇಳಕಲ್ ಸೀರೆಯ ಕೆಂಪು ಸೆರಗನ್ನು ಮುಟ್ಟಿದಳು. ಸೀರೆ ಅಂಗಡಿಯವಳ ಚಾಳಿ ಬಿಟ್ಟೀತೇ?

"ಮುಟ್ಟಿ ನೋಡ್ರಿ, ಬಣ್ಣ ಹೋಗೂದಿಲ್ಲ!"

ಮುದುಕಿ ನಕ್ಕು, ಬೊಗಸೆ ತುಂಬ ಸೇಬು ಹಿಡಿದು, "ನಾ! ನಾ!" ಎಂದಳು.

"ಕೇಳಿದೇನೋ? ನಾ ಅಂತಾಳ! ನಮ್ಮ ಕಡೀ ಮಾತು!" ಎಂದು ಹಿಗ್ಗಿದ ಅತ್ತೆ ಎದೆ ತಟ್ಟಿಕೊಂಡು, "ನಾ ಇಳಕಲ್ಲಾಕಿ!" ಎಂದಳು. ರಶಿಯನ್ನಿನಲ್ಲಿ 'ನಾ' ಎಂದರೆ 'ತಗೋ' ಎಂದರ್ಥವೆಂದು ನಮ್ಮ ಗೈಡ್ ಹುಡುಗಿ ನನಗೆ ಬಿಡಿಸಿ ಹೇಳುತ್ತಿದ್ದಳು. ಅತ್ತೆಗೆ ಹೇಳಿ ಅವಳ ಪಾಂಡಿತ್ಯಕ್ಕೆ ಕಲ್ಲು ಹಾಕಬೇಕೆಂದು ನಾನು ಬಾಯಿ ತೆರೆದೆ.

ಅಷ್ಟರಲ್ಲಿ ಮುದುಕಿ, ಇವಳ ಕೈಯಲ್ಲಿ ಚೀಲವಿಲ್ಲದ್ದನ್ನು ಕಂಡು, ತಾನೇ ಸೆರಗಿನ ಚುಂಗು ಹಿಡಿದು ಅಗಲಿಸಿ, ಸೇಬುಗಳನ್ನು ಅದರೊಳಗೆ ಸುರಿದಳು.

ಮಾವ ಹೋದಂದಿನಿಂದ ಆ ಸೆರಗಿಗೆ ಯಾರೂ ಒಂದು ಕಾಳು ಹಾಕಿರಲಿಲ್ಲ. ನೆನಪು ಮಾಡಿಕೊಂಡು ಓಡಿಹೋಗಲು ಇಲ್ಲಿ ಒಲೆಯೂ ಇರಲಿಲ್ಲ, ಹಾಲೂ ಇರಲಿಲ್ಲ. ಅತ್ತೆ ಎರಡೂ ಕೈಯಿಂದ ಸೆರಗನ್ನು ಹೊಟ್ಟೆಗೆ ಅವಚಿಕೊಂಡು ನಿಂತಳು. ಕಣ್ಣು ತುಂಬಿ ಬಂದಿತ್ತು.

"ಆಕಿಗೆ ಗೊತ್ತಿಲ್ಲೋ, ಪಾಪ" ಎಂದಳು ಮೆಲ್ಲಗೆ. "ನೀ ಹೇಳಬ್ಯಾಡ."

"ನನಗ ಎಲ್ಲಿ ಬರತೈತಿ ಅತ್ತಿ, ರಶಿಯನ್ನು!" ಎಂದೆ.