ಸುರುಳಿಯ ನಾಡಿ ನೋಡುವ ಸಮಿತಿಗೆ

...ಅಯ್ಯೋ, ಕ್ಷಮಿಸಿ, ಮತ್ತೆ ಮೊದಲಿಂದ ಶುರು ಮಾಡ್ತೀನಿ. ಹೋದ ಸಲ ‘ಮಾನ್ಯರೇ’ ಅನ್ನೋ ಹೊತ್ತಿಗೆ ಪಕ್ಕದ ಟ್ರಾನ್ಸ್‌ಫಾರ್ಮರಿನ ಫ್ಯಾನ್ ತಿರುಗಿ ನನ್ನ ವಿನಯವೆಲ್ಲ ಗಾಳಿಗೆ ಹಾರಿಹೋಯ್ತು.

ಟ್ರಾನ್ಸ್‌ಫಾರ್ಮರ್ ಪರೀಕ್ಷೆಗಳಿಗೆಲ್ಲ ಒಂದೇ ಕ್ರಮ ತರ್ತೀವಿ ಅಂತ ಮಾತು ಕೊಟ್ಟು, ಆ ಮಾತನ್ನು ಇಷ್ಟು ವರ್ಷ ಬಳಸದೆ ಹೊಸದಾಗಿಯೇ ಇಟ್ಟುಕೊಂಡಿರೋ ಸಮಿತಿಯ ಮಾನ್ಯ ಅಧ್ಯಕ್ಷರೇ, ಈ ವಿದ್ಯುತ್ ಉಪಕೇಂದ್ರದ ಎಂಜಿನಿಯರನ ನಮಸ್ಕಾರ. ಕೈಯೆಲ್ಲ ಎಣ್ಣೆ, ಅದಕ್ಕೇ ಕಾಗದ ಬಿಟ್ಟು ಈ ಪತ್ರವನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸ್ತಿದ್ದೀನಿ.

ನಮ್ಮ ಎರಡು ಟ್ರಾನ್ಸ್‌ಫಾರ್ಮರುಗಳಲ್ಲಿ ಹಳೆಯದನ್ನು ನಾವು ದೊಡ್ಡಪ್ಪ ಅಂತೀವಿ. ಗೊಣಗ್ತಾರೆ, ಬಿಸಿಯಾಗ್ತಾರೆ, ಆದ್ರೆ ಊರಿನ ಭಾರವೆಲ್ಲ ಅವರ ಹೆಗಲ ಮೇಲೇ. ಹೋದ ವಾರ ಲೈನಿನಲ್ಲಿ ಶಾರ್ಟ್ ಆಗಿ ಅವರಿಗೆ ಪೆಟ್ಟು ಬಿತ್ತು. ಒಳಗಿನ ತಾಮ್ರದ ಸುರುಳಿ ಜರುಗಿದೆಯೋ ಇಲ್ಲವೋ ಅಂತ ಹೊಟ್ಟೆ ಕೊಯ್ಯದೆ ತಿಳಿಯೋಕೆ, ಒಂದು ತುದಿಯಿಂದ ಸಣ್ಣ ಸಂಕೇತ ಕಳಿಸಿ, ಇನ್ನೊಂದು ತುದಿಯಲ್ಲಿ ಮೂಡುವ ಗೆರೆಯನ್ನು ಅವರು ಗಟ್ಟಿಮುಟ್ಟಾಗಿದ್ದಾಗ ತೆಗೆದ ಗೆರೆಯ ಪಕ್ಕ ಇಟ್ಟು ನೋಡ್ತೀವಿ. ಎರಡೂ ಹೊಂದಿದ್ರೆ ಸುರುಳಿ ನೆಟ್ಟಗಿದೆ, ಇಲ್ಲದಿದ್ರೆ ಜರುಗಿದೆ ಅಂತ ಲೆಕ್ಕ.

ಹಳೇ ಗೆರೆ ತೆಗೆದವರು ಪರೀಕ್ಷೆಯ ಕೇಬಲ್ಲಿನ ಅರ್ತ್ ತಂತಿಯನ್ನು ದೊಡ್ಡಪ್ಪನ ಮೈಗೆ ಗಿಡ್ಡಕ್ಕೆ, ಬಿಗಿಯಾಗಿ ಕಟ್ಟಿದ್ದರು. ಈಗ ಪರೀಕ್ಷೆಗೆ ಬಂದ ತಂಡದ ಮುಖಂಡ, ಅಂದ್ರೆ ನನ್ನ ಹೆಂಡತಿಯ ತಮ್ಮ, ಉದ್ದ ತಂತಿಯನ್ನು ಬಟ್ಟೆ ಒಣಗಿಸೋ ಹಗ್ಗದ ಹಾಗೆ ಜೋಲು ಬಿಟ್ಟ. ಹಾಗೆ ಕಟ್ಟಿದ್ರೆ ಗೆರೆಯ ಬಾಲ ಡೊಂಕಾಗುತ್ತಪ್ಪಾ ಅಂದೆ. “ಭಾವಾ, ಬಾಲ ಡೊಂಕಾದ್ರೆ ಅದು ಬಾಲದ ಗುಣ, ನನ್ನ ತಂತಿ ಏನು ಮಾಡುತ್ತೆ? ನಮ್ಮಲ್ಲಿ ಮೊದಲಿಂದ ಹೀಗೇ!” ಅಂದ. ಡೊಂಕೇ ಬಂತು. ‘ಸುರುಳಿ ಜರುಗಿದೆ, ಗುಜರಿಗೆ’ ಅಂತ ಮೇಲಿಂದ ಅಪ್ಪಣೆಯಾಯ್ತು. ಕ್ರೇನ್ ಗೇಟಿನಲ್ಲಿ ನಿಂತಿದೆ. ದೊಡ್ಡಪ್ಪ ಹೋದ್ರೆ ಬೇಸಿಗೆ ಪೂರ್ತಿ ಅರ್ಧ ಊರು ಸರದಿ ಮೇಲೆ ಕತ್ತಲಲ್ಲಿ ಕೂರಬೇಕು.

ಬಟ್ಟೆ ಅಂಗಡಿಯವನೂ ತನ್ನ ಮೊಳ ಬಿಟ್ಟು ಮೀಟರ್ ಹಿಡಿದ ಕಾಲದಲ್ಲಿ ನಮಗೆ ಅವರವರ ಮೊಳದ ಸ್ವಾತಂತ್ರ್ಯ ಉಳಿಸಿಕೊಟ್ಟ ತಮ್ಮ ಔದಾರ್ಯ ದೊಡ್ಡದು. ಅರ್ತ್ ತಂತಿ ಎಷ್ಟು ಗಿಡ್ಡ, ಎಲ್ಲಿ ಬಿಗಿ ಅಂತ ಒಂದು ಸಾಲು ಬರೆಯೋದು ತಮಗೆ ಕಷ್ಟವಾದ್ರೆ, ತಾವು ಒಮ್ಮತಕ್ಕೆ ಬರೋವರೆಗೂ ಎಲ್ಲೂ ಶಾರ್ಟ್ ಆಗಬಾರದು ಅಂತ ಸಿಡಿಲಿಗೂ ಮರದ ಕೊಂಬೆಗಳಿಗೂ ಒಂದು ಸುತ್ತೋಲೆ ಕಳಿಸಿದ್ರೂ ಸಾಕು. ಸದ್ಯಕ್ಕೆ ನಾನೇ ಭಾವಮೈದನ ಗಲ್ಲ ಹಿಡಿದು, ಗಿಡ್ಡ ತಂತಿ ಬಿಗಿದು ಇನ್ನೊಂದು ಸಲ ನೋಡು ಅಂತ ಅಂಗಳದಲ್ಲಿ ನಿಲ್ಲಿಸಿ ಬಂದಿದ್ದೀನಿ.

ಇಷ್ಟಾದರೂ ವಿಶ್ವಾಸ ಕಳೆದುಕೊಳ್ಳದ ತಮ್ಮ ವಿಶ್ವಾಸಿ,
ದೊಡ್ಡಪ್ಪನ ಕಡೆಯವನು.

ತಾ.ಕ.: ತಮ್ಮ ಸಭಾಂಗಣದ ಏಸಿಯೂ ದೊಡ್ಡಪ್ಪನ ಲೈನಿನಲ್ಲೇ ಇದೆ. ಮುಂದಿನ ಸಭೆಗೆ ಬೀಸಣಿಗೆ... ತಾಳಿ, ಯಾರೋ ಕೂಗ್ತಿದ್ದಾರೆ. ನಮ್ಮ ಭಾವಮೈದನೇ.

“ಭಾವಾ! ಗೆರೆ ಮೇಲೆ ಗೆರೆ ಕೂತ್ಬಿಡ್ತು! ಸುರುಳಿ ನೆಟ್ಟಗಿದೆ! ಕ್ರೇನ್ ವಾಪಸ್ ಕಳಿಸ್ಲಾ?”

ಬೇಡ ಕಣೋ, ಇರಲಿ! ಸಮಿತಿಯವರನ್ನು ಕುರ್ಚಿಯಿಂದ ಎಬ್ಬಿಸೋಕೆ ಬೇಕಾಗುತ್ತೆ. ಬಂದೆ! ಇಡ್ತೀನಿ ಸಾರ್.