ಉಂಡವರಿಗೆ ಮಾತ್ರ ರೊಟ್ಟಿ ಮಾರಾಟ

ಗಿರಾಕಿಯನ್ನು ಕಂಡರೆ ವ್ಯಾಪಾರಿ ಖುಷಿಪಡಬೇಕೋ, ಕಂಗಾಲಾಗಬೇಕೋ? ನಮ್ಮ ಚಿಗವ್ವ, ಅಂದರೆ ನಮ್ಮವ್ವನ ತಂಗಿ, ಕಂಗಾಲಾಗುತ್ತಾಳೆ! ಬೇವೂರಿನಲ್ಲಿ ಐದು ಹೆಂಗಸರ ಗುಂಪು ಕಟ್ಟಿಕೊಂಡು ಕಡಕ್ ರೊಟ್ಟಿ ಬಡಿಯುವ ಈಕೆ, ಇಡೀ ಬಾಗಲಕೋಟೆ ಜಿಲ್ಲೆಯಲ್ಲಿ ರೊಟ್ಟಿ ಮಾರಲು ನಾಚುವ ಏಕೈಕ ರೊಟ್ಟಿ ವ್ಯಾಪಾರಿ.

ಗುಂಪಿಗೆ ಒಲೆ, ಹಂಚು ಕೊಟ್ಟದ್ದು ನಾನು ಕೆಲಸ ಮಾಡುವ ಸೇವಾ ಸಂಸ್ಥೆ. ಮಾರುವ ಕಲೆ ಕಲಿಸಲು ಹೋದವನು ನಾನು. ಜೀವಮಾನದಲ್ಲಿ ನಾನು ಮಾರಿದ್ದು ನನ್ನ ಹಳೇ ಸೈಕಲ್ಲು ಒಂದನ್ನೇ. ಕೊಂಡವನು ಅದನ್ನೂ ಮರುದಿನ ವಾಪಸು ತಂದಿದ್ದ. ಆದರೂ ‘ಗಿರಾಕಿಯ ಮನಸ್ಸು ಗೆಲ್ಲುವುದು ಹೇಗೆ’ ಎಂದು ಗಂಟಲು ಹರಿಯುವಂತೆ ಭಾಷಣ ಬಿಗಿದೆ. ಚಿಗವ್ವ ಆಕಳಿಸುತ್ತ ಕೇಳಿದಳು.

ಫಲ? ಇಳಕಲ್ ಸಂತೆಯಲ್ಲಿ ಮೊದಲ ಗಿರಾಕಿ ಬಂದ.

“ಉಂಡೀರೇನ್ರಿ?” ಎಂದಳು ಚಿಗವ್ವ.

ಪಾಪ, ಆತ ಖರೆ ಹೇಳಿಬಿಟ್ಟ. “ಇನ್ನೂ ಇಲ್ಲಬೇ.”

ಮುಗಿಯಿತು! ಕೂರಿಸಿ ರೊಟ್ಟಿ ಹಾಕಿದಳು, ಮೇಲೆ ಶೇಂಗಾ ಚಟ್ನಿ, ಗಟ್ಟಿ ಮೊಸರು. ಆತ ಕೈ ತೊಳೆದು ರೊಕ್ಕ ಕೊಡಹೋದರೆ, “ಹಸದಾವ್ರ ಕಡೆ ರೊಕ್ಕಾ ಇಸ್ಕೋತಾರೇನ್ರಿ?” ಎಂದು ಬೈದೂ ಬಿಟ್ಟಳು. ಸುದ್ದಿ ಹಬ್ಬಿ ಸಂತೆಗೆ ಸಂತೆಯೇ ಹಸಿದುಕೊಂಡು ಬಂತು. ನನ್ನ ಪಾಠದಂತೆ ಮನಸ್ಸನ್ನೇನೋ ಗೆದ್ದಿದ್ದಳು, ಗಲ್ಲಾಪೆಟ್ಟಿಗೆ ಮಾತ್ರ ಖಾಲಿ.

ಸಂಸ್ಥೆಯ ಮೇಲಿನವರು ಗರಂ ಆದರು. ದೀಪಾವಳಿಯೊಳಗೆ ವ್ಯಾಪಾರ ಕುದುರದಿದ್ದರೆ ಒಲೆ, ಹಂಚು ಬೇರೆ ಊರಿನ ಗುಂಪಿಗೆ. ಈ ಐವರು ಮತ್ತೆ ಕಂಡವರ ಹೊಲಕ್ಕೆ ಕೂಲಿಗೆ. ನಾನು ಹೆದರಿ, ಗಿರಾಕಿಗೆ ಉಣ್ಣಿಸಬೇಡವೆಂದು ಬೇಡಿಕೊಂಡೆ, ಕಾಲಿಗೆ ಬೀಳುವುದೊಂದು ಬಾಕಿ.

“ಹಸದಾವ್ರಿಗೆ ನಾ ಮಾರಂಗಿಲ್ಲ,” ಎಂದಳು ಚಿಗವ್ವ. ಆಮೇಲೆ ತುಸು ಯೋಚಿಸಿ, “ಉಂಡಾವ್ರಿಗೆ ಮಾರೂಣು ತಗೋ!” ಎಂದಳು.

ಫ್ರೀ ಬಸ್ಸು ಇದ್ದೇ ಇದೆಯಲ್ಲ! ಬುಟ್ಟಿಗಳು ಕುಳಗೇರಿ ಕ್ರಾಸಿಗೆ ಬಂದು, ಒಂದು ಖಾನಾವಳಿಯ ಬಾಗಿಲೆದುರೇ ಕೂತವು. ತೇಗುತ್ತ ಹೊರಬಂದವರೆಲ್ಲ ಮನೆಗೆಂದು ರೊಟ್ಟಿ ಕಟ್ಟಿಸಿಕೊಂಡರು. ಹೊಟ್ಟೆ ತುಂಬಿದವರ ಹತ್ತಿರ ಚಿಗವ್ವನಿಗೆ ಯಾವ ದಾಕ್ಷಿಣ್ಯವೂ ಇಲ್ಲ, ಚೌಕಾಸಿಗೂ ಬಗ್ಗಲಿಲ್ಲ. ದೀಪಾವಳಿ ಬಂತು, ಒಲೆಗಳು ಬೇವೂರಿನಲ್ಲೇ ಉಳಿದವು. ಇದೆಲ್ಲ ನನ್ನ ತರಬೇತಿಯ ಫಲವೆಂದು ನಾನು ಮೇಲಿನವರಿಗೆ ಹೇಳಿದೆ. ಮತ್ತೇನು ಹೇಳಲಿ?

ಒಲೆ ಉಳಿದ ಸುದ್ದಿ ತಿಳಿಸಲು ಬೆಳಗಿನಿಂದ ಖಾಲಿ ಹೊಟ್ಟೆಯಲ್ಲಿ ಓಡಾಡಿ ಕ್ರಾಸಿಗೆ ಹೋದವನು, ನಾನೂ ಗಿರಾಕಿಯ ಗತ್ತಿನಲ್ಲಿ ಪಾಕೀಟು ತೆಗೆದೆ.

“ಉಂಡೀಯೇನ?”

“ಉಂಡೇನಿ,” ಎಂದೆ ಧೈರ್ಯವಾಗಿ.

ಚಿಗವ್ವ ನನ್ನ ಮುಖ ನೋಡಿದಳು. ಪಾಕೀಟನ್ನು ನನ್ನ ಕಿಸೆಗೇ ತುರುಕಿ, ರೊಟ್ಟಿ ಮುರಿದು ಚಟ್ನಿ ಹಚ್ಚಿದಳು.

“ನಿಮ್ಮವ್ವ ಹೋದ ದಿನಾನೂ ಹಿಂಗ ಅಂದಿದ್ದಿ. ಉಣ್ಣು.”

ನಾನು ಬುಟ್ಟಿಯ ಪಕ್ಕದಲ್ಲೇ ಕೂತೆ. ಅಳು ಬಂತು. ಕಣ್ಣೊರೆಸಿಕೊಳ್ಳುತ್ತಲೇ ರೊಟ್ಟಿ ತಿಂದೆ. ನೀರನ್ನೂ ಆಕೆಯೇ ಕೊಟ್ಟಳು.